ಮೂಲೆ ಕಿಟಕಿಯ ಕೆಳಗೆ ಇಟ್ಟ ಡೇಲಿಯಾ

ಆಗಸ್ಟ್ ಕೊನೆಯ ಶುಕ್ರವಾರ, ಇಲ್ಲಿ ವಾರದ ರಜೆ. ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ ಬಂದು ಬಹರೈನಿನ ರಿಫಾದ ನಮ್ಮ ಫ್ಲ್ಯಾಟಿನ ಸಿಂಕಿನಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದೆ. ಫೋನು ಸದ್ದು ಮಾಡಿತು. ಮೊಣಕೈಯಲ್ಲೇ ಒತ್ತಿ ನೋಡಿದರೆ ಇಂಗ್ಲೆಂಡಿನಿಂದ ಆಲಿಸ್ ಕಳಿಸಿದ ಫೋಟೊ: ನನಗೆ ಗೊತ್ತಿದ್ದ ಹಳೇ ಕಲ್ಲಿನ ಇಗರ್ಜಿ, ಅದರ ಗೇಟಿಗೆ ಮಾರಾಟದ ಬೋರ್ಡು. ಚೂರಿ ಕೈಜಾರಿ ಸಿಂಕಿಗೆ ಬಿತ್ತು.

“ಎಂಥ ಆಯ್ತು? ಯಾರು ತೀರಿಹೋದದ್ದು?” ನಮ್ಮವರು ಓಡಿ ಬಂದರು.

“ಯಾರೂ ಅಲ್ಲ. ಇಗರ್ಜಿ ಮಾರ್ತಾರಂತೆ.”

“ಮಾರ್ಲಿಕ್ಕೆ ಅದೆಂಥ ಹಳೇ ಕಾರಾ ಮಾರಾಯ್ತಿ?”

ಬೆಳಿಗ್ಗೆಯಷ್ಟೇ ಅವರು ಇಲ್ಲಿನ ಇಗರ್ಜಿಯ ಹತ್ತಿರ ಪಾರ್ಕಿಂಗ್ ಸಿಗದೆ ಮೂರು ಸುತ್ತು ಹೊಡೆದಿದ್ದರು. ಒಳಗೆ ಜಾಗವಿಲ್ಲದೆ ಅಂಗಳದ ಸೆಕೆಯಲ್ಲಿ ನಿಂತೇ ಪೂಜೆ ಕೇಳಿದ್ದೆವು. ದೇವರ ಮನೆಗೆ ಗಿರಾಕಿ ಹುಡುಕುವುದೆಂದರೆ ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ನಾನು ಚಿಕ್ಕವಳಿದ್ದಾಗ ಬಹರೈನಿಗೆ ಬಂದ ನಮ್ಮ ಕರಾವಳಿಯ ಹೆಂಗಸರು ಕೆಲವರು ಇಂಗ್ಲಿಷರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ನಿಮ್ಮಲ್ಲೂ ಯಾರಾದರೂ ಅಂಥ ಮನೆಯ ಹಿಂದಿನ ಕೋಣೆಯಲ್ಲಿ ಬೆಳೆದಿರಬಹುದು. ನನ್ನಮ್ಮ ಜುಫೈರಿನ ಒಂದು ಮನೆಯಲ್ಲಿ ಆಯಾ. ಅಪ್ಪ ತೀರಿಹೋದ ಮೇಲೆ ಅಜ್ಜಿಯ ಬಳಿ ಇದ್ದ ನನ್ನನ್ನೂ ಆ ಮನೆಯ ಮೇಡಂ ದಯೆಯಿಂದ ಕರೆಸಿಕೊಂಡಿದ್ದರು. ನನಗೆ ಹತ್ತು ವರ್ಷವಾದಾಗ ಅವರು ಬೇಸಿಗೆ ಕಳೆಯಲು ಇಂಗ್ಲೆಂಡಿನ ತಮ್ಮ ಹಳ್ಳಿಗೆ ಹೊರಟರು. ಅವರ ಆರು ತಿಂಗಳ ಕೂಸಿನ ಜೊತೆ ನಾವಿಬ್ಬರೂ ಹೋದೆವು. ಆ ಕೂಸೇ ಆಲಿಸ್.

ಹಳ್ಳಿಯೆಂದರೆ ಎಷ್ಟು? ಇಪ್ಪತ್ತು ಮೂವತ್ತು ಮನೆ, ಒಂದು ಅಂಗಡಿ, ಸುತ್ತ ಕೊಯ್ದ ಗೋಧಿ ಹೊಲ. ನಡುವೆ ಗಿಡ್ಡ ಗೋಪುರದ ಇಗರ್ಜಿ. ನೂರಾರು ವರ್ಷ ಹಳೆಯದಂತೆ. ಒಳಗೆ ಒದ್ದೆ ಕಲ್ಲು, ಮೇಣ, ಹಳೇ ಪುಸ್ತಕ ಎಲ್ಲ ಸೇರಿದ ತಣ್ಣನೆಯ ವಾಸನೆ. ಹಗಲಿಡೀ ಬಾಗಿಲು ತೆರೆದೇ ಇರುತ್ತಿತ್ತು. ನಾನು ಸಮಾಧಿಗಳ ನಡುವಿನ ಚಪ್ಪಡಿಗಳ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದೆ, ಬೇಲಿಯ ಕಪ್ಪು ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಳ್ಳುತ್ತಿದ್ದೆ.

ಆಗಸ್ಟ್ ಮುಗಿಯುವಾಗ ನನಗೆ ತೆನೆಹಬ್ಬ ನೆನಪಾಯಿತು. ಸೆಪ್ಟೆಂಬರ್ ಎಂಟು, ಮಾತೆ ಮರಿಯಮ್ಮನ ಹುಟ್ಟಿದ ದಿನ. ಅದಕ್ಕಾಗಿ ಮಕ್ಕಳು ಒಂಬತ್ತು ದಿನ ಅವಳ ಪ್ರತಿಮೆಗೆ ಹೂ ಒಯ್ಯಬೇಕು. ಊರಲ್ಲಿ ಆ ದಿನಗಳಲ್ಲಿ ಯಾರ ಅಂಗಳದ ಹೂವನ್ನಾದರೂ ಕೊಯ್ಯಬಹುದು. ಬೈದರೆ ಬೈದವರಿಗೇ ಪಾಪ ಎನ್ನುತ್ತಿದ್ದಳು ಅಜ್ಜಿ.

ಆದರೆ ಇಲ್ಲಿ ಮರಿಯಮ್ಮನ ಪ್ರತಿಮೆಯೇ ಇರಲಿಲ್ಲ. “ಇದು ಪ್ರೊಟೆಸ್ಟೆಂಟರದ್ದು ಮಗಾ, ನಮ್ಮದಲ್ಲ” ಎಂದಳು ಅಮ್ಮ. ಹುಡುಕಿ ಹುಡುಕಿ ಕೊನೆಗೆ ಮೂಲೆಯ ಕಿಟಕಿಯ ಗಾಜಿನಲ್ಲಿ ಅವಳನ್ನು ಕಂಡೆ: ಅಂಗೈಯಗಲದ ನೀಲಿ ಸೆರಗು, ಮಡಿಲಲ್ಲಿ ಬಾಲಯೇಸು. ಒಂಬತ್ತು ದಿನ ಅದರ ಕೆಳಗೆ ಬೇಲಿಯ ಹೂ ಇಟ್ಟೆ. ಹತ್ತನೆಯ ದಿನ ಹಬ್ಬ. ಬೇಲಿಯ ಹೂ ಸಾಕೇ? ಪಕ್ಕದ ಮನೆಯ ಹಿಲ್ಡಾ ಅಜ್ಜಿಯ ತೋಟದಲ್ಲಿ ತಟ್ಟೆಯಷ್ಟು ದೊಡ್ಡ ಡೇಲಿಯಾಗಳಿದ್ದವು. ನಮ್ಮೂರಲ್ಲೂ ಮೂರು ಜನ ಹಿಲ್ಡಾ ಇದ್ದುದರಿಂದ ನನಗೆ ಅವರ ಹೆದರಿಕೆಯೇ ಇರಲಿಲ್ಲ. ಒಂದೂ ಬಿಡದೆ ಕೊಯ್ದೆ.

ಮರುದಿನವೇ ಹಳ್ಳಿಯಲ್ಲಿ ಹೂವಿನ ಸ್ಪರ್ಧೆ ಇತ್ತು. ಅದಕ್ಕೆಂದೇ ಹಿಲ್ಡಾ ಅಜ್ಜಿ ಆ ಗಿಡಗಳನ್ನು ಮಕ್ಕಳಂತೆ ಸಾಕಿದ್ದರು.

ಹಬ್ಬದ ಬೆಳಿಗ್ಗೆಯೇ ಮೇಡಂ ಮುಖ ಕೆಂಪು ಮಾಡಿಕೊಂಡು ಬಂದು ಹೇಳಿದಾಗ ಅಮ್ಮ ಕೂಸಿನ ಬಾಟಲಿ ಕುದಿಸುತ್ತಿದ್ದಳು. ಮೇಡಂ ಆಚೆ ಹೋದದ್ದೇ ನನ್ನ ಕಿವಿ ಹಿಡಿದಳು.

“ಎಂಥ ಮಾಡಿ ಹಾಕಿದಿ ಹಾಳಾದವಳೇ! ಕೆಲಸ ಖಲಾಸ್, ವೀಸಾ ಖಲಾಸ್. ಊರಿಗೆ ಹೋಗಿ ಎಂಥ ತಿನ್ನುದು ನಾವು?”

“ಹಬ್ಬಕ್ಕೆ ಯಾರೂ ಬೈಯುದಿಲ್ಲ ಅಂತ ಅಜ್ಜಿ ಹೇಳಿದ್ದು...”

“ಇದು ಅಜ್ಜಿಯ ಊರಾ?”

ಹಾಗೇ ಎಳೆದುಕೊಂಡು ಇಗರ್ಜಿಗೆ ನಡೆದಳು. ಹಿಲ್ಡಾ ಅಜ್ಜಿ ಆಗಲೇ ಅಲ್ಲಿದ್ದರು, ಕೋಲೂರಿಕೊಂಡು, ನೆಲದ ಮೇಲೆ ರಾಶಿ ಬಿದ್ದ ತಮ್ಮ ಹೂಗಳನ್ನು ನೋಡುತ್ತ.

“ಇಲ್ಲಿ ಯಾಕೆ ಇಟ್ಟೆ?”

“ಇವತ್ತು ಇವಳು ಹುಟ್ಟಿದ ದಿನ” ಎಂದೆ ನನ್ನ ಅರೆಬರೆ ಇಂಗ್ಲಿಷಿನಲ್ಲಿ.

ಅವರು ಕಿಟಕಿಯತ್ತ ತಲೆಯೆತ್ತಿದರು. ಅಮ್ಮನ ಮುಷ್ಟಿಯೊಳಗೆ ಜಪಸರದ ಮಣಿಗಳು ಸರಸರ ಓಡುತ್ತಿದ್ದವು.

“ಚಿಕ್ಕಂದಿನಿಂದ ಇಲ್ಲಿಗೆ ಬರುತ್ತಿದ್ದೇನೆ” ಎಂದರು ಹಿಲ್ಡಾ ಅಜ್ಜಿ. “ಇವಳ ಹುಟ್ಟುಹಬ್ಬ ಯಾವತ್ತೆಂದು ಯಾರೂ ನನಗೆ ಹೇಳಿರಲಿಲ್ಲ.” ಆಮೇಲೆ ಕೋಲಿನಿಂದ ನನ್ನನ್ನು ಮೆಲ್ಲಗೆ ತಿವಿದರು. “ಹೋಗು, ನೀರು ತಾ. ಹೀಗೆ ಒಣ ನೆಲದಲ್ಲಿ ಇಟ್ಟರೆ ಸಂಜೆಯೊಳಗೆ ಬಾಡುತ್ತವೆ.”

ಬಹುಮಾನ ಆ ವರ್ಷ ಬೇರೆ ಯಾರಿಗೋ ಹೋಯಿತು. ಅಮ್ಮನ ಕೆಲಸ ಉಳಿಯಿತು. ಆ ಕೆಲಸದಿಂದಲೇ ನಾನು ಓದಿದೆ, ಮದುವೆಯಾದೆ. ದೇವರು ಮಾಡಿದ ಉಪಕಾರಗಳನ್ನು ಎಣಿಸುವಾಗ ಇವತ್ತಿಗೂ ಆ ಒಂದು ಚೊಂಬು ನೀರಿನಿಂದಲೇ ಶುರು ಮಾಡುತ್ತೇನೆ.

ಮುಂದೆ ಪ್ರತಿ ಸೆಪ್ಟೆಂಬರ್ ಎಂಟಕ್ಕೆ ಹಿಲ್ಡಾ ಅಜ್ಜಿ ಆ ಕಿಟಕಿಯ ಕೆಳಗೆ ಡೇಲಿಯಾ ಇಡುತ್ತಿದ್ದರೆಂದು, ತಮ್ಮ ಹಳ್ಳಿಗೆ ಮರಳಿದ ಮೇಲೆ ಮೇಡಂ ಅಮ್ಮನಿಗೆ ಬರೆಯುತ್ತಿದ್ದರು. ಅಜ್ಜಿ ತೀರಿಹೋದ ಮೇಲೆ ಮೇಡಂ ಇಟ್ಟರು. ಮೇಡಂ ಹೋದ ಮೇಲೆ ಆಲಿಸ್ ಪೇಟೆಯಿಂದ ಕಾರಿನಲ್ಲಿ ಹೋಗಿ ಇಡುತ್ತಿದ್ದಳು. ನಾನು ಮತ್ತೆಂದೂ ಅಲ್ಲಿಗೆ ಹೋಗಲಿಲ್ಲ. ಆದರೂ ಇಲ್ಲಿ ಅಂಗಡಿಯಿಂದ ಹೂ ತಂದು ಮೊಮ್ಮಗಳ ಕೈಗೆ ಕೊಡುವಾಗೆಲ್ಲ, ಅಲ್ಲಿಯೂ ನಮ್ಮ ಹಬ್ಬ ನಡೆಯುತ್ತಿದೆ ಎಂಬ ಸಮಾಧಾನವಿತ್ತು.

ಕೈ ಒರೆಸಿ ಆಲಿಸ್‌ಗೆ ಫೋನ್ ಮಾಡಿದೆ.

“ಭಾನುವಾರ ಬರುವವರು ನಾಲ್ಕೇ ಜನ ಉಳಿದಿದ್ದರು ಜೆಸ್ಸಿ” ಎಂದಳು. “ಕೊಂಡವರು ಮನೆ ಮಾಡಿಕೊಳ್ಳಬಹುದಂತೆ. ಕಿಟಕಿ ಬಹಳ ಹಳೆಯದು, ಅದನ್ನು ತೆಗೆಯುವಂತಿಲ್ಲ. ಆದರೆ ನಕ್ಷೆಯಲ್ಲಿ ಆ ಮೂಲೆಗೆ ಅಡುಗೆಮನೆ ಎಂದು ಬರೆದಿದ್ದಾರೆ.”

ಅಡುಗೆಮನೆ! ಫೋನು ಕೆಳಗಿಟ್ಟೆ. “ಮರಿಯಮ್ಮನ ಎದುರಿಗೆ ಈರುಳ್ಳಿ ಹುರೀತಾರಾ ಇನ್ನು?”

ನಮ್ಮವರು ಸಿಂಕಿನಿಂದ ಚೂರಿ ಎತ್ತಿಟ್ಟರು. “ಅವಳ ಮನೆಯಲ್ಲೂ ಒಲೆ ಇತ್ತಲ್ಲ” ಎಂದರು.

ಹೌದು, ಇತ್ತು. ಕಿಟಕಿ ಉಳಿದದ್ದೂ ಸಣ್ಣ ಕೃಪೆಯೇ. ಆದರೆ ಹೂ ಹಿಡಿದ ಮಗುವೊಂದು ಯಾರನ್ನೂ ಕೇಳದೆ ತಳ್ಳಿಕೊಂಡು ಒಳಹೋಗುವ ಬಾಗಿಲು ಇನ್ನಿಲ್ಲ. ಇನ್ನು ಅಲ್ಲಿ ಬೆಲ್ ಒತ್ತಬೇಕು.

ಆಲಿಸ್‌ಗೆ ಒಂದು ಸಾಲು ಬರೆದೆ: “ಕೊಳ್ಳುವವರಿಗೆ ಹೇಳು, ಸೆಪ್ಟೆಂಬರ್ ಎಂಟಕ್ಕೆ ಆ ಕಿಟಕಿಯಲ್ಲಿ ಏನಾದರೂ ಇಡಲಿ. ಹೂ ಇಲ್ಲದಿದ್ದರೆ ಒಂದು ಎಸಳು ಕೊತ್ತಂಬರಿ ಸೊಪ್ಪಾದರೂ ಸಾಕು.”

ಉತ್ತರಕ್ಕೆ ಕಾಯಲಿಲ್ಲ. ಸಿಂಕಿನಲ್ಲಿ ಬಂಗುಡೆ ಹಾಗೇ ಬಿದ್ದಿತ್ತು. ತೊಳೆದು ಉಪ್ಪು ಹಚ್ಚಿಟ್ಟು, ಮಸಾಲೆಗೆ ಮೆಣಸು ಹುರಿಯಲು ಬಾಣಲೆ ಇಟ್ಟೆ.