ಬಿಡ್ರಿ ಅಂದರೆ ಹೊರಡುವ ರೈಲು

ಎಪ್ಪತ್ತರ ದಶಕದಲ್ಲಿ ನಮ್ಮ ಹೊಸದುರ್ಗದ ಗಂಡಸರಿಗೆ ಭಾನುವಾರ ಮಾಡಲು ಏನೂ ಇರಲಿಲ್ಲ. ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದನಂತೆ. ಇವರು ರೈಲು ಎಂಜಿನ್ ಕೆರೆಯಲು ಹೊರಟರು. ಊರಾಚೆ ಮುಚ್ಚಿಹೋದ ಒಂದು ಗಣಿಯಲ್ಲಿ ಅದಿರು ಎಳೆಯುತ್ತಿದ್ದ ಪುಟ್ಟ ಉಗಿ ಎಂಜಿನ್ನು ಜಾಲಿಮುಳ್ಳಿನ ನಡುವೆ ತುಕ್ಕು ಹಿಡಿದು ನಿಂತಿತ್ತು. ಅದರ ಹಳಿಗಳ ನಡುವಿನ ಅಗಲ ನಮ್ಮ ಹಿತ್ತಲ ಬಾಗಿಲಿನಷ್ಟೂ ಇರಲಿಲ್ಲ. ಅದನ್ನು ದುರಸ್ತಿ ಮಾಡಿ, ಓಡಿಸಿ, ನಾಡಿನ ಪರಂಪರೆಯನ್ನು ಉಳಿಸುತ್ತೇವೆಂದು ಹೈಸ್ಕೂಲು ಮೇಷ್ಟರಾಗಿದ್ದ ನಮ್ಮ ಯಜಮಾನರು ಒಂದು ಸಂಘ ಕಟ್ಟಿ ತಾವೇ ಅಧ್ಯಕ್ಷರಾದರು. ನಮ್ಮ ಬಾವಿಯ ರಾಟೆ ಮುರಿದು ಎರಡು ಬೇಸಿಗೆ ಕಳೆದಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದುಕೊಂಡು ನಾನು ಹಗ್ಗವನ್ನು ಕೈಯಲ್ಲೇ ಎಳೆಯುತ್ತಿದ್ದೆ.

ಪ್ರತಿ ಭಾನುವಾರ ಸಂಘದವರು ಅರ್ಧ ಗಂಟೆ ತುಕ್ಕು ಕೆರೆಯುತ್ತಿದ್ದರು, ಆಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಸಂಜೆಯವರೆಗೆ ರೈಲಿನ ಭವಿಷ್ಯದ ಬಗ್ಗೆ ಭಾಷಣ ಮಾಡುತ್ತಿದ್ದರು. ಮಿರ್ಚಿ ಕರಿಯುವ ಮಹಿಳಾ ವಿಭಾಗ ನಾನು. ಎಂಜಿನ್ನಿನ ಹಿತ್ತಾಳೆ ಸೀಟಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೂ ನಾನೇ. ಬಾಯ್ಲರ್ ರಿಪೇರಿಗೂ ಓಡಿಸುವುದಕ್ಕೂ ಚಿಕ್ಕಜಾಜೂರಿನಿಂದ ಒಬ್ಬ ನಿವೃತ್ತ ಡ್ರೈವರ್ ಬರುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲೇ ಆಯುಷ್ಯ ಕಳೆದ ಅವರಿಗೆ ಕಿವಿ ಮಂದ. ನಮ್ಮವರ ಭಾಷಣಗಳನ್ನು ಅವರು ಅಷ್ಟು ಪ್ರಸನ್ನವಾಗಿ ಸಹಿಸಿಕೊಂಡದ್ದು ಅದರ ದಯೆಯಿಂದಲೇ ಇರಬೇಕು.

ಸೀಟಿ ಉಜ್ಜುವಾಗ ಪಕ್ಕದಲ್ಲಿ ಕೂತು ನಮ್ಮ ಅತ್ತೆ ಅದನ್ನೇ ನೋಡುತ್ತಿದ್ದರು. ಹುಡುಗಿಯಾಗಿದ್ದಾಗ ಅವರು ಅದೇ ಗಣಿಯಲ್ಲಿ ಮಂಕರಿ ತುಂಬ ಅದಿರು ಹೊತ್ತವರು. ಕೂಲಿ ಹೆಂಗಸರು ಹಳಿಯ ಮೇಲೇ ನಡೆಯುತ್ತಿದ್ದರಂತೆ. ಸೀಟಿ ಕೇಳಿದ ಕೂಡಲೇ ಮೇಸ್ತ್ರಿ “ಸರ್ಕಳ್ರೇ, ಗಾಡಿ ಬತ್ತೈತೆ” ಎಂದು ಕೂಗುತ್ತಿದ್ದ. ತಲೆಯ ಮೇಲಿನ ಹೊರೆ ಸಮೇತ ಎಲ್ಲರೂ ಪಕ್ಕದ ಮುಳ್ಳಿಗೆ ಇಳಿದು ನಿಲ್ಲಬೇಕು. ಬೋಗಿಯಲ್ಲಿ ಕೂತು ಹೋಗುತ್ತಿದ್ದವರು ಸಾಹೇಬರು ಮಾತ್ರ.

“ಒಂದ್ಸಲ ಅದ್ರಾಗೆ ಕುಂತ್ಕಬೇಕು ಕಣಮ್ಮ,” ಎಂದರು ಅತ್ತೆ. ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಯಜಮಾನರಿಗೆ ಹೇಳಿದೆ. ಮೊದಲ ಓಟಕ್ಕೆ ಅತಿಥಿಗಳು, ಪದಾಧಿಕಾರಿಗಳು; ಅವ್ವನಿಗೆ ಮುಂದಿನ ಸಲ ನೋಡೋಣ ಎಂದರು. ಮುಂದಿನ ಸಲ ಎನ್ನುವುದೇ ಇರಲಿಲ್ಲ. ಗಣಿಯ ಮಾಲೀಕರು ಅನುಮತಿ ಕೊಟ್ಟದ್ದು ಒಂದೇ ಓಟಕ್ಕೆ, ಅದಾದ ಮೇಲೆ ಎಂಜಿನ್ನು ಗುಜರಿಗೆ. ಪರಂಪರೆ ಒಂದು ಮಧ್ಯಾಹ್ನ ಉಳಿದರೂ ಉಳಿದಂತೆಯೇ ಎಂದು ಸಂಘ ಸಮಾಧಾನ ಪಟ್ಟುಕೊಂಡಿತ್ತು.

ಓಟಕ್ಕೆ ಮೊದಲು ಒಂದು ಮಹತ್ವದ ಸಭೆ ನಡೆಯಿತು. ರೈಲು ಹೊರಡಿಸಲು ಬಸ್ಸಿನವರಂತೆ ‘ರೈಟ್’ ಎನ್ನುವುದೆಂದು ಯಾರೋ ಹೇಳಿದ್ದಕ್ಕೆ, ಕಾರ್ಯದರ್ಶಿಯಾಗಿದ್ದ ಕನ್ನಡ ಪಂಡಿತರು ಕೆರಳಿದರು. ನಮ್ಮ ನೆಲದ ರೈಲು ಇಂಗ್ಲಿಷಿನಲ್ಲಿ ಹೊರಡಕೂಡದು. ‘ಚಲಿಸಿ’ ಎಂದರೆ ಡ್ರೈವರಿಗೆ ನಗು ಬರುತ್ತಿತ್ತು. ಕೊನೆಗೆ ‘ಬಿಡ್ರಿ’ ಎಂದು ತೀರ್ಮಾನವಾಯಿತು. ಬಸ್ಸು ಬಿಡುತ್ತಾರೆ, ಬಂಡಿ ಬಿಡುತ್ತಾರೆ, ರೈಲೂ ಬಿಡಲಿ. ಹಸಿರು ಬಾವುಟಕ್ಕೆ ಕನ್ನಡವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ, ಅದನ್ನೇ ತೋರಿಸಬಾರದೇ ಎಂದು ನಾನು ಕೇಳಿದೆ. ಮಿರ್ಚಿಗೆ ಉಪ್ಪು ಕಡಿಮೆಯಾಗಿದೆ ಎಂದು ಉತ್ತರ ಬಂತು. ನಿಲ್ಲಿಸಲು ಏನನ್ನಬೇಕು ಎಂಬ ವಿಷಯವನ್ನು ಮುಂದಿನ ಸಭೆಗೆ ಇಟ್ಟರು. ಡ್ರೈವರಿಗಂತೂ ಪಂಡಿತರು ಕಿವಿಯ ಹತ್ತಿರ ಬಾಯಿಟ್ಟು, ‘ಬಿಡ್ರಿ’ ಎಂದ ಕೂಡಲೇ ಬಿಡಬೇಕೆಂದು ಪಾಠ ಒಪ್ಪಿಸಿದರು.

ಆ ದಿನ ಮುಖ್ಯ ಅತಿಥಿಯಾಗಿ ಚಿತ್ರದುರ್ಗದಿಂದ ಬರಬೇಕಿದ್ದ ದೊಡ್ಡ ಸಾಹೇಬರು ದೊಡ್ಡವರಿಗೆ ತಕ್ಕಂತೆ ತಡಮಾಡಿದರು. ಎಂಜಿನ್ನು ಹಿರಿಯೂರಿನಿಂದ ತಂದ ತೆಂಗಿನ ಚಿಪ್ಪನ್ನೂ ಸೌದೆಯನ್ನೂ ತಿಂದು ಬುಸುಗುಡುತ್ತಿತ್ತು. ಹಿಂದಿನ ಬೋಗಿಯಲ್ಲಿ ಸಾಹೇಬರಿಗಾಗಿ ಇಟ್ಟ ಕುರ್ಚಿಗೆ ನನ್ನ ತವರಿನ ಜಮಖಾನ ಹಾಸಿತ್ತು. ಜೀಪು ಬಂತೆಂದು ಎಲ್ಲರೂ ಹಾರ ಹಿಡಿದು ಅತ್ತ ಓಡಿ, ಸಾಹೇಬರನ್ನು ಕರೆದುಕೊಂಡು ಬಂದು ನೋಡಿದರೆ, ಆ ಕುರ್ಚಿಯಲ್ಲಿ ನಮ್ಮ ಅತ್ತೆ, ಒಗೆದ ಸೀರೆ ಉಟ್ಟು, ಸೆರಗು ಹೊದ್ದು ಕೂತಿದ್ದರು.

“ಅವ್ವ, ಇಳಿ. ಸಾಹೇಬ್ರು ನಿಂತವ್ರೆ,” ಎಂದರು ಯಜಮಾನರು.

ಅತ್ತೆ ಅಲುಗಲಿಲ್ಲ. ಯಜಮಾನರು ನೆಲದ ಮೇಲೆ ನಿಂತೇ ಅವರ ಒಂದು ತೋಳು ಹಿಡಿದರು, ಪಂಡಿತರು ಇನ್ನೊಂದು. ಮುದುಕಿಯನ್ನು ಹಾಗೆ ಎಳೆಯುವುದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು, ಬಿಡಿಸಲು ನುಗ್ಗಿದೆ. ಅಷ್ಟರಲ್ಲಿ ಅತ್ತೆಯೇ ಗಣಿಯಿಂದ ಗಣಿಗೆ ಕೇಳುವಂತೆ ಕೂಗಿದರು.

“ಕೈ ಬಿಡ್ರಿ. ಬಿಡ್ರಿ ಅಂದ್ನಲ್ಲ, ಬಿಡ್ರಿ.”

ನಮ್ಮ ಕಡೆ ಬಸ್ಸು ಬಿಡಲಿಕ್ಕೂ ಅದೇ ಮಾತು, ತೋಳು ಬಿಡಲಿಕ್ಕೂ ಅದೇ ಮಾತು. ಮುಂದಕ್ಕೆ ನೋಡುತ್ತ ನಿಂತಿದ್ದ ಡ್ರೈವರಿಗೆ ಪಾಠ ನೆನಪಿತ್ತು. ನಾನು ಉಜ್ಜಿದ ಸೀಟಿ ಕೂಗಿತು. ಇವರಿಬ್ಬರೂ ಗಾಬರಿಯಾಗಿ ತೋಳು ಬಿಟ್ಟರು, ಡ್ರೈವರು ಗಾಡಿ ಬಿಟ್ಟರು. ಪರಂಪರೆಯ ರೈಲು ಅಧ್ಯಕ್ಷರಿಲ್ಲದೆ, ಕಾರ್ಯದರ್ಶಿಯಿಲ್ಲದೆ, ಮುಖ್ಯ ಅತಿಥಿಯಿಲ್ಲದೆ, ಒಬ್ಬ ಕೂಲಿ ಹೆಂಗಸನ್ನು ಕೂರಿಸಿಕೊಂಡು ಗುಡ್ಡದ ಕಡೆಗೆ ಹೊರಟಿತು.

ಪಂಡಿತರು ‘ಸ್ಟಾಪ್, ಸ್ಟಾಪ್’ ಎಂದು ಹಳಿಯ ಮೇಲೆ ಓಡಿದರು. ಅವಸರಕ್ಕೆ ಕನ್ನಡ ಒದಗಲಿಲ್ಲವೆಂದು ಕಾಣುತ್ತದೆ. ಅವರ ಹಿಂದೆ ಯಜಮಾನರು, ಯಜಮಾನರ ಹಿಂದೆ ಹಾರ ಹಾಕಿಕೊಂಡ ಸಾಹೇಬರು. ನಗು ತಡೆಯಲಾರದೆ ಹಳಿಯ ಪಕ್ಕದ ದಿಬ್ಬ ಹಿಡಿದು ನಾನೂ ಹೋದೆ.

ಗುಡ್ಡದ ಬುಡದಲ್ಲಿ ಹಳಿ ಮುಗಿಯುತ್ತಿತ್ತು. ಎಂಜಿನ್ನು ತಿರುಗಿಸಲು ಜಾಗವಿಲ್ಲದ್ದರಿಂದ ಡ್ರೈವರು ಗಾಡಿಯನ್ನು ಹಿಂದುಹಿಂದಕ್ಕೇ ತಂದರು. ಹಾಗಾಗಿ ಈಗ ಬೋಗಿಯೇ ಮುಂದೆ, ಅದರಲ್ಲಿ ಕುರ್ಚಿ, ಕುರ್ಚಿಯಲ್ಲಿ ಅತ್ತೆ. ಸೆರಗು ಗಾಳಿಗೆ ಜಾರಿತ್ತು. ಹಳಿಯ ಮೇಲೆ ಏದುಸಿರು ಬಿಡುತ್ತ ಬರುತ್ತಿದ್ದ ಮೂವರನ್ನೂ ಕಂಡು ಅವರು ಕೈ ಎತ್ತಿದರು.

“ಸರ್ಕಳ್ರೋ, ಗಾಡಿ ಬತ್ತೈತೆ.”

ಮೂವರೂ ಮುಳ್ಳಿಗೆ ಇಳಿದು ನಿಂತರು.

ಆ ಸಂಜೆ ಯಜಮಾನರ ಪಾದದಿಂದ ಮುಳ್ಳು ತೆಗೆಯಲು ನಾನು ಪಿನ್ನು ಹಿಡಿದು ಒದ್ದಾಡುತ್ತಿದ್ದೆ. ಅತ್ತೆ ಮಗನ ಕಾಲನ್ನು ಮಡಿಲಿಗೆ ಎಳೆದುಕೊಂಡು, ಜಾಲಿಮುಳ್ಳು ಎಲ್ಲಿ ಮುರಿದು ಕೂರುತ್ತದೆಂದು ಬೆರಳಿಟ್ಟು ತೋರಿಸಿದರು.