ತಿಕ್ಕಿಹೋದ ಮುದ್ರೆ

ನಮ್ಮಜ್ಜ, ಮುತ್ತ್ಯಾ, ಯುದ್ಧ ಕಂಡಿದ್ದನೆಂಬುದಕ್ಕೆ ಇಳಕಲ್ಲಿನ ನಮ್ಮ ಮನೆಯಲ್ಲಿದ್ದ ಸಾಕ್ಷಿ ಒಂದೇ: ಪಿಸ್ತೂಲಿನ ಖಾಲಿ ಮ್ಯಾಗಜೀನ್. ಗುಂಡು ತುಂಬಿ ಹಿಡಿಕೆಯೊಳಗೆ ಸೇರಿಸುವ ಉಕ್ಕಿನ ಡಬ್ಬಿ. ಗಡಿಯಲ್ಲಿ ಸಿಕ್ಕಿತು, ಶತ್ರು ಅಧಿಕಾರಿಯದು ಎನ್ನುತ್ತಿದ್ದ. ಹುನಗುಂದದಲ್ಲಿರುವ ಅವನ ತಮ್ಮ, ನಮ್ಮ ಸಣ್ಣ ಮುತ್ತ್ಯಾ, ಮದುವೆಯಿರಲಿ ಮಣ್ಣಿರಲಿ, ನಮ್ಮಜ್ಜಿ ಆಯಿಗೆ ಕೇಳುವಂತೆ ಹೇಳುವುದನ್ನು ಬಿಡಲಿಲ್ಲ: "ನಮ್ಮಣ್ಣ ಮಿಲಿಟ್ರಿ ಅಡಿಗಿಮನ್ಯಾಗ ಕಡದಿದ್ದು ಬರೇ ಉಳ್ಳಾಗಡ್ಡಿರಿ. ಆ ಡಬ್ಬಿ ಗುಜರಿ ಅಂಗಡ್ಯಾಗ ಕೊಂಡಿದ್ದು."

ಮುತ್ತ್ಯಾ ತೀರಿಕೊಂಡ ಮೇಲೆ ಆಯಿ ಅದನ್ನು ನನ್ನ ಮುಂದಿಟ್ಟಳು.

"ಎಲ್ಲಾರ ಕೂಡ ವಾದಾ ಮಾಡ್ತಿ. ಇದು ಖರೆನೋ ಸುಳ್ಳೋ ನೋಡಿ ಹೇಳವ್ವಾ. ಆ ಹುನಗುಂದದವನ ಬಾಯಿ ಮುಚ್ಚಸಬೇಕು."

ಮನೆಯವರ ಮಾತು ಪುರಾವೆಯಲ್ಲ ಎಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಒಳಗೊಳಗೆ ಸಣ್ಣ ಮುತ್ತ್ಯಾನ ಕಡೆಗೇ ವಾಲಿದ್ದೆ. ಇಂಥವನ್ನು ಸಂಗ್ರಹಿಸುವವರು ಅಂತರ್ಜಾಲದಲ್ಲಿ ಹಾಕಿದ ಚಿತ್ರಗಳನ್ನು ನೋಡುತ್ತ ಕೂತೆ. ಬದಿಯ ತೂತುಗಳು, ಮೇಲ್ತುದಿಯ ಬಾಗು ನೋಡಿದರೆ ಯಾವ ಪಿಸ್ತೂಲಿನದೆಂದು ತಿಳಿಯುತ್ತದೆ. ತಿಳಿಯಿತು ಕೂಡ. ಆದರೆ ಆ ಬಗೆಯ ಪಿಸ್ತೂಲು ಎರಡೂ ಕಡೆಯ ಸೈನ್ಯದಲ್ಲಿತ್ತು. ಯಾರದೆಂದು ಹೇಳಬಲ್ಲದ್ದು ಬೆನ್ನಿನ ಮೇಲೆ ಒತ್ತಿದ ಮುದ್ರೆಯೊಂದೇ. ಅದಕ್ಕೇ ಸಂಗ್ರಹಿಸುವವರು ಮತ್ತೆ ಮತ್ತೆ ಹೇಳುತ್ತಾರೆ: ತುಕ್ಕು ಹಿಡಿದಿದ್ದರೂ ಉಜ್ಜಬೇಡಿ.

ನಮ್ಮದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬೆನ್ನಿನ ಮೇಲೆ ಬೆರಳಿಗೆ ಸಣ್ಣ ತಗ್ಗು ಸಿಗುತ್ತಿತ್ತು. ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿದರೂ ಅಕ್ಷರವಾಗಲಿಲ್ಲ.

"ಇದಕ್ಕೇನ್ ಮಾಡೀದಿ ಆಯಿ?"

"ಏನ್ ಮಾಡ್ಲಿ? ವರ್ಷಾ ಮಾನಮಿಗೆ ಕುಡಗೋಲು, ಕತ್ರಿ ಕೂಡ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕತೇನಿ. ಖಂಡೆಪೂಜಿಗೆ ಹೊಲಸು ಇಡಾಕ ಬರ್ತೈತೇನು?"

"ಯಾರದಂತ ಅಲ್ಲೇ ಬರದಿತ್ತು. ತಿಕ್ಕಿ ಹೋಗೇತಿ. ಇನ್ನ ಖರೆ ಅಂತನೂ ಹೇಳಾಕ ಬರೂದಿಲ್ಲ, ಸುಳ್ಳು ಅಂತನೂ."

ಆಯಿ ತನ್ನ ಹೆಬ್ಬೆರಳನ್ನೇ ನೋಡಿದಳು.

"ಅಂದ್ರ ನಾನ ಅಳಿಸಿದ್ನಾ?"

"ತಿಕ್ಕದಿದ್ರ ತುಕ್ಕರ ತಿಂತಿತ್ತು ಬಿಡ."

"ವಾದಾ ಮಾಡಬ್ಯಾಡ."

ಈ ಸಲದ ಮಾನಮಿಯ ಆಯುಧಪೂಜೆಗೆ ಕುಡಗೋಲು, ಕತ್ತರಿ ಎಲ್ಲ ಹೊಳೆದವು. ಮ್ಯಾಗಜೀನನ್ನು ಮಾತ್ರ ಆಯಿ ತಿಕ್ಕದೆ, ಸೆರಗಿನಲ್ಲಿ ಹಿಡಿದು ತಂದಿಟ್ಟಳು. ಕಪ್ಪು ಲೇಪ ಎಂದೋ ಹೋಗಿದ್ದ ಉಕ್ಕು. ಒಂದೇ ಮಳೆಗಾಲಕ್ಕೆ ಕೆಂಪಾಗಿತ್ತು. ಎಣ್ಣೆಯಾದರೂ ಹಚ್ಚುತ್ತೇನೆಂದರೆ ಮುಟ್ಟಗೊಡಲಿಲ್ಲ.

ಊಟಕ್ಕೆ ಬಂದ ಸಣ್ಣ ಮುತ್ತ್ಯಾ ಮತ್ತೆ ಉಳ್ಳಾಗಡ್ಡಿಯ ಮಾತು ತೆಗೆದ. ಪ್ರತಿ ಸಲ ಜಗಳಕ್ಕೆ ಬೀಳುತ್ತಿದ್ದ ಆಯಿ ಈ ಸಲ ಊದಿನಕಡ್ಡಿ ಹಚ್ಚುತ್ತ ಕೂತಳು. "ಗುಜರ್ಯಾಗ ಕೊಂಡಿದ್ದು ನೀ ನೋಡೀದಿ ಏನು?" ಎಂದು ನಾನೇ ಅವನ ಮೇಲೆ ಬಿದ್ದೆ. ಅವನ ಬಾಯಿ ಮುಚ್ಚಿತು. ಆಯಿ ತಲೆ ಎತ್ತಲಿಲ್ಲ.