ಮುಚ್ಚಳ ಹಾಕದ ಪೆನ್ನು

ಮಧ್ಯಾಹ್ನ ಮೂರು ನಲವತ್ತಕ್ಕೆ ತಂಗಿಯ ಮೂಗಿನ ಬ್ಯಾಂಡೇಜು ಕೆಂಪಾಗತೊಡಗಿತು. ಅಂದಕ್ಕೆಂದು ಮೂಗು ತಿದ್ದಿಸಿಕೊಂಡ ಮರುದಿನ ಅದು.

ಸೇಲಂನ ಆ ಆಸ್ಪತ್ರೆಯ ಹಿರಿಯ ನರ್ಸು ಹತ್ತಿರದ ಪಾಪಿರೆಡ್ಡಿಪಟ್ಟಿ ಕಡೆಯ ಕನ್ನಡ ಮನೆಮಾತಿನವರು, ನಮ್ಮೊಡನೆ ಅದರಲ್ಲೇ ಮಾತಾಡುತ್ತಿದ್ದರು. ಆಪರೇಷನ್ನಿಗೆ ಮುಂಚೆ, ಏನೇನು ಔಷಧಿ ತಗೊಳ್ತೀಯ ಎಂದು ಕೇಳಿ, ಪೆನ್ನಿನ ಮುಚ್ಚಳ ಹಾಕದೆ ಕಾದಿದ್ದರು. "ಮಾತ್ರೆ, ನಾಟು ಮರುಂದು, ಬೇರು-ಸೊಪ್ಪಿನ ಔಸ್ದಿ... ಇನ್ನೇನೋ ಐತೆ, ಯೋಳವ್ವ."

"ಏನೂ ಇಲ್ಲಕ್ಕಾ. ಇದೇನ್ ಪೊಲೀಸ್ ಟೇಸನ್ನಾ?" ಎಂದು ತಂಗಿ ನಕ್ಕಿದ್ದಳು. ತಲೆನೋವಿಗೆಂದು ಅವಳು ದಿನವೂ ಆಸ್ಪಿರಿನ್ ನುಂಗುತ್ತಿದ್ದುದು ನನಗೆ ಗೊತ್ತಿತ್ತು. ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆಂದು ನಾನೂ ಸುಮ್ಮನಿದ್ದೆ.

ಆ ಮಧ್ಯಾಹ್ನ ಅವರು ತಂಗಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ, "ರತ್ತ ನುಂಗ್ಬ್ಯಾಡ, ಉಗಿ" ಎನ್ನುತ್ತ, ಡಾಕ್ಟರು ಬಂದು ರಕ್ತ ನಿಲ್ಲಿಸುವವರೆಗೆ ಅವಳ ಹಣೆ ಹಿಡಿದೇ ನಿಂತರು. ರಕ್ತ ಹೆಪ್ಪುಗಟ್ಟಲು ಬಿಡದ ಆ ಮಾತ್ರೆಯ ವಿಷಯವನ್ನು ತಂಗಿ ಅಳುತ್ತ ಹೇಳಿದಳು. ಅವರು ಬೈಯಲಿಲ್ಲ, ಬರೆದುಕೊಂಡರು.

ಎಂಟನೆಯ ದಿನ ಪಟ್ಟಿ ಬಿಚ್ಚಿದರು. ಮೂಗು ಇನ್ನೂ ಊದಿತ್ತು, ಆದರೂ ತಂಗಿ ಕನ್ನಡಿ ಕೆಳಗಿಡಲಿಲ್ಲ. ನರ್ಸು ಮುಚ್ಚಳ ತೆಗೆದ ಪೆನ್ನು ಹಿಡಿದೇ ನನ್ನ ಕಣ್ಣು ನೋಡಿ, "ನಿದ್ದೆ ಇಲ್ವಾ? ಇನ್ನೇನೋ ಐತೆ, ಯೋಳಪ್ಪ" ಎಂದರು.

"ಮಾತ್ರೆ ವಿಷ್ಯ ನಂಗೂ ಗೊತ್ತಿತ್ತಕ್ಕಾ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಅಂದು ರಾತ್ರಿ ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ.